ಸಹಾಯ ಬೇಕು: ಲೋಕಾಪುರದ ಬಳಿ ಹೊಲದಲ್ಲಿ ಸಿಕ್ಕಿರುವುದು ಪಳೆಯುಳಿಕೆಯೇ?

ಮುಧೋಳ ತಾಲ್ಲೂಕಿನ ಲೋಕಾಪುರದ ಸಮೀಪ ನಮ್ಮ ಹೊಲದಲ್ಲಿ ಕೃಷಿ ಹೊಂಡ ತೋಡಿಸುವಾಗ, ಸುಮಾರು ಐದು ಅಡಿ ಆಳದಲ್ಲಿ ಬೂದು ಬಣ್ಣದ ಸುಣ್ಣಕಲ್ಲಿನ ಹಾಸೊಂದು ಕಾಣಿಸಿದೆ. ಅದರ ಮೇಲೆ ಅಡ್ಡಲಾಗಿ ಹೆಚ್ಚಿದ ಉಳ್ಳಾಗಡ್ಡಿಯಂತೆ ಒಂದರೊಳಗೊಂದು ಉಂಗುರಗಳಿದ್ದು, ಪಕ್ಕದಿಂದ ನೋಡಿದರೆ ಅವೇ ಕಮಾನುಗಳ ಹಾಗೆ ಪದರ ಪದರವಾಗಿ ಮೇಲೇರಿವೆ.

ನಮ್ಮ ಭಾಗದ ಪುರಾತನ ಕಲ್ಲಿನ ಪದರಗಳಾದ ಕಲಾದಗಿ ಶಿಲಾಸಮೂಹದಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳಿವೆ ಎಂದು ಓದಿದ್ದೇನೆ. ನೂರು ಕೋಟಿ ವರ್ಷಗಳಿಗೂ ಹಿಂದೆ, ಮೂಳೆ ಚಿಪ್ಪುಗಳಿರುವ ಯಾವ ಪ್ರಾಣಿಯೂ ಹುಟ್ಟಿರದಿದ್ದಾಗ, ಆಳವಿಲ್ಲದ ಕಡಲಿನಲ್ಲಿ ಸಯನೋಬ್ಯಾಕ್ಟೀರಿಯಾಗಳೆಂಬ ಸೂಕ್ಷ್ಮಜೀವಿಗಳು ಕೆಸರಿನ ಕಣಗಳನ್ನು ಹಿಡಿದಿಟ್ಟು ಕಟ್ಟಿದ ಪದರಗಳವು. ನಮ್ಮ ಜೋಳದ ಹೊಲದಡಿ ಅಂಥದ್ದೊಂದು ಇರಬಹುದೆಂಬ ಯೋಚನೆಯಿಂದ ನನಗೆ ಎರಡು ರಾತ್ರಿ ನಿದ್ದೆ ಬಂದಿಲ್ಲ. ಆದರೆ ಸುಣ್ಣಕಲ್ಲಿನಲ್ಲಿ ಜೀವಿಗಳ ಪಾತ್ರವಿಲ್ಲದೆಯೂ ಇಂಥ ಪದರಗಳು ಮೂಡಬಲ್ಲವು ಎಂಬುದರಿಂದ ನಾನಾಗಿಯೇ ತೀರ್ಮಾನಿಸಲಾರೆ.

ಅಗೆತ ನಿಲ್ಲಿಸಿದ್ದೇನೆ. ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಫೋಟೊ ತೆಗೆದು, ಸ್ಥಳದ ಜಿಪಿಎಸ್ ಗುರುತನ್ನೂ ಪದರಗಳು ವಾಲಿರುವ ದಿಕ್ಕನ್ನೂ ಬರೆದಿಟ್ಟಿದ್ದೇನೆ. ಉಳಿ ಮುಟ್ಟಿಸಿಲ್ಲ, ಆಮ್ಲ ಹಾಕಿಲ್ಲ. ಜೆಸಿಬಿ ಒಡೆದ ಎರಡು ತುಂಡುಗಳನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ.

ಇದನ್ನು ಖಚಿತಪಡಿಸಲು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಬೆಂಗಳೂರು ಕಚೇರಿಗೆ ಬರೆಯಬೇಕೇ, ಅಥವಾ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನಿಗಳನ್ನು ಮೊದಲು ಕೇಳುವುದು ಒಳ್ಳೆಯದೇ? ಅವರು ಬರುವವರೆಗೆ ಹಾಸನ್ನು ಮಣ್ಣಿನಿಂದ ಮುಚ್ಚಬಹುದೇ? ಮಳೆಗಾಲ ಹತ್ತಿರವಿರುವುದರಿಂದ, ಭೂವಿಜ್ಞಾನ ಓದಿದವರು ದಯವಿಟ್ಟು ಬೇಗ ತಿಳಿಸಿ. ಕೇಳಿದವರಿಗೆ ಫೋಟೊಗಳನ್ನು ಕಳುಹಿಸುತ್ತೇನೆ.