ಟ್ಯೂಬ್ ಬದಲಿಸಿದ ಮೇಲೆ ಪೀಕ್‌ಗೆ ಬಾಲ ಬಂದಿದೆ, ಜಾಗವೂ ಸರಿದಿದೆ (ಪೌಡರ್ ಎಕ್ಸ್‌ಆರ್‌ಡಿ)

ಪುಡಿಪರೀಕ್ಷೆ:
ಎಲ್ಲರಿಗೂ ನಮಸ್ಕಾರ. ನಮ್ಮ ವಿಭಾಗದಲ್ಲಿ ಟೇಬಲ್ ಮೇಲೆ ಕೂರುವ ಸಣ್ಣ ಪೌಡರ್ ಎಕ್ಸ್‌ಆರ್‌ಡಿ ಇದೆ (ಪುಡಿಗೆ ಎಕ್ಸ್-ರೇ ಬಿಟ್ಟು, ಯಾವ ಕೋನದಲ್ಲಿ ಎಷ್ಟು ಕಿರಣ ಬರುತ್ತೆ ಅಂತ ಗ್ರಾಫ್ ಕೊಡುವ ಯಂತ್ರ; ಗ್ರಾಫಿನ ಏರುಗಳೇ ಪೀಕ್). ಕಾಪರ್ ಟ್ಯೂಬ್, ಗೋನಿಯೋಮೀಟರ್ (ಕೋನ ಅಳೆಯುವ ಭಾಗ) ತ್ರಿಜ್ಯ 150 ಮಿ.ಮೀ. ಎರಡು ತಿಂಗಳ ಹಿಂದೆ ಟ್ಯೂಬ್ ಹೋಯಿತು. ಸರ್ವೀಸ್‌ನವರು ಬಂದು ಹೊಸದು ಹಾಕಿ, ಅಲೈನ್‌ಮೆಂಟ್ ಮಾಡಿ ಹೋದರು. ಕೌಂಟ್ಸ್ (ಡಿಟೆಕ್ಟರ್‌ಗೆ ಸಿಕ್ಕ ಎಕ್ಸ್-ರೇ ಎಣಿಕೆ) ಚೆನ್ನಾಗಿ ಏರಿತ್ತು. ನಾವೆಲ್ಲ ಖುಷಿಪಟ್ಟೆವು.

ತೊಂದರೆ ಗೊತ್ತಾಗಿದ್ದು ಈಗ. ಜಿಯೋಲೈಟ್ ವೈ (ಸಣ್ಣ ರಂಧ್ರಗಳಿರುವ ಹರಳಿನ ಪುಡಿ) ಹಾಕಿದರೆ 6 ಡಿಗ್ರಿ ಹತ್ತಿರದ ಮೊದಲ ಪೀಕ್ ಎಡಕ್ಕೆ ಉದ್ದ ಬಾಲ ಎಳೆದುಕೊಂಡು ಕೂತಿದೆ. ಅನುಮಾನ ಬಂದು ಸಿಲಿಕಾನ್ ಸ್ಟ್ಯಾಂಡರ್ಡ್ (ಪೀಕ್ ಎಲ್ಲಿ ಬರಬೇಕು ಅಂತ ಮೊದಲೇ ಗೊತ್ತಿರುವ ಪುಡಿ) ಹಾಕಿದೆ. 28.44 ಡಿಗ್ರಿಗೆ ಬರಬೇಕಾದ, 111 ಅನ್ನುವ ಹೆಸರಿನ ಪೀಕ್ 28.36ಕ್ಕೆ ಬಂತು. ಸಾಫ್ಟ್‌ವೇರ್‌ನಲ್ಲಿ ಝೀರೋ (ಕೋನದ ಸೊನ್ನೆ) ತಿದ್ದಿ ಸುಮ್ನೆ ಮುಂದೆ ಹೋಗಲಾ?

ಗ್ರಾಫ್‌ಗೆಳೆಯ:
ಬಾಲ ಅಂದರೆ ಕೆ-ಆಲ್ಫಾ 2 (ಟ್ಯೂಬಿನಿಂದ ಮುಖ್ಯ ಕಿರಣದ ಜೊತೆಗೇ ಬರುವ ಇನ್ನೊಂದು ತರಂಗಾಂತರ) ಇರಬಹುದು. ಸಾಫ್ಟ್‌ವೇರ್‌ನಲ್ಲೇ ತೆಗೆಯೋ ಆಯ್ಕೆ ಇರುತ್ತೆ, ನೋಡಿ.

ಹಳೇಗೋನಿಯೋ:
ಕೆ-ಆಲ್ಫಾ 2 ಅಲ್ಲ. ಅದರ ತರಂಗಾಂತರ 1.5444 ಆಂಗ್‌ಸ್ಟ್ರಾಮ್, ಕೆ-ಆಲ್ಫಾ 1ರದ್ದು 1.5406. ಉದ್ದದ್ದು ಯಾವಾಗಲೂ ಬಲಗಡೆ ಬೀಳುತ್ತೆ. ಇವರ ಬಾಲ ಎಡಗಡೆ ಇದೆ.

ಪುಡಿಪರೀಕ್ಷೆಯವರೇ, ಝೀರೋ ಮುಟ್ಟಬೇಡಿ. ಮೂರು ವಿಷಯ ತಿಳಿಸಿ. ಸಿಲಿಕಾನ್‌ನ ಉಳಿದ ಪೀಕ್‌ಗಳು ಎಷ್ಟೆಷ್ಟು ಸರಿದಿವೆ? ಮೇಲಿನ ಡಿಗ್ರಿಯಲ್ಲೂ ಬಾಲ ಇದೆಯಾ? ಕೌಂಟ್ಸ್ ಏರಿತು ಅಂದಿರಲ್ಲ, ಎಷ್ಟು?

ಪುಡಿಪರೀಕ್ಷೆ:
ಸರ್, 47.30ರದ್ದು 47.23ಕ್ಕೆ ಬಂದಿದೆ. 88.03ರದ್ದು 87.97ಕ್ಕೆ. 88ರಲ್ಲಿ ಬಾಲವೇ ಇಲ್ಲ, ಎರಡೂ ಕಡೆ ಒಂದೇ ಥರ ಇದೆ. 111ರಲ್ಲಿ ಮೊದಲು 18,000 ಕೌಂಟ್ಸ್ ಬರುತ್ತಿತ್ತು, ಈಗ 31,000. ವೋಲ್ಟೇಜು, ಕರೆಂಟು, ಸ್ಲಿಟ್ (ಕಿರಣ ಹಾಯುವ ಸೀಳು) ಏನೂ ಬದಲಿಸಿಲ್ಲ. ಹೊಸ ಟ್ಯೂಬ್ ಅಲ್ವಾ, ಅದಕ್ಕೇ ಅಂದುಕೊಂಡೆ.

ಹಳೇಗೋನಿಯೋ:
ಹೊಸ ಟ್ಯೂಬ್ ಸ್ವಲ್ಪ ಜಾಸ್ತಿ ಕೊಡುತ್ತೆ, ನಿಜ. ಇಷ್ಟೊಂದು ಕೊಟ್ಟರೆ ಅನುಮಾನ ಪಡಬೇಕು. ದಾರಿಯಲ್ಲಿ ಕಿರಣವನ್ನು ತಡೆಯಬೇಕಾದ ಏನೋ ಒಂದು ಈಗ ಅಲ್ಲಿಲ್ಲ.

ನಿಮಗೆ ಎರಡು ಬೇರೆ ಬೇರೆ ತೊಂದರೆ ಒಟ್ಟಿಗೆ ಬಂದಿವೆ. ನಿಮ್ಮ ಯಂತ್ರದ್ದು ಬ್ರಾಗ್-ಬ್ರೆಂಟಾನೊ ಅನ್ನುವ ಜೋಡಣೆ, ಅದರಲ್ಲಿ ಲೆನ್ಸೂ ಇಲ್ಲ, ಕನ್ನಡಿಯೂ ಇಲ್ಲ. ಟ್ಯೂಬಿನ ಫೋಕಸ್, ಮಾದರಿಯ ಮೇಲ್ಮೈ, ಡಿಟೆಕ್ಟರ್ ಮುಂದಿನ ಸ್ಲಿಟ್, ಮೂರೂ ಒಂದೇ ವೃತ್ತದ ಮೇಲಿದ್ದರೆ ಹರಡಿಕೊಂಡು ಹೋದ ಕಿರಣ ತಾನಾಗೇ ಸ್ಲಿಟ್‌ನಲ್ಲಿ ಬಂದು ಸೇರುತ್ತೆ. ಆದರೆ ಇದು ಆ ವೃತ್ತದ ಸಮತಲದಲ್ಲಿ ಮಾತ್ರ. ಅಡ್ಡಕ್ಕೆ ಹರಡಿದ್ದನ್ನು ಯಾರೂ ಸೇರಿಸುವುದಿಲ್ಲ, ಕತ್ತರಿಸಿ ಎಸೆಯಬೇಕು ಅಷ್ಟೆ. ಆ ಕೆಲಸಕ್ಕೆ ಸೋಲರ್ ಸ್ಲಿಟ್. ತೆಳು ತಗಡುಗಳನ್ನು ಪುಸ್ತಕದ ಹಾಳೆಗಳ ಹಾಗೆ, ನಡುವೆ ಸಣ್ಣ ಸಂದಿ ಬಿಟ್ಟು ಜೋಡಿಸಿರುತ್ತಾರೆ. 1924ರಲ್ಲಿ ಸೋಲರ್ ಹೇಳಿದ ಉಪಾಯ, ಇವತ್ತಿಗೂ ಅದೇ.

ಈಗ ನಿಮ್ಮ ಅಂಕಿಗಳಿಗೆ ಬರೋಣ. ಝೀರೋ ತಪ್ಪಿದ್ದರೆ ಎಲ್ಲ ಪೀಕೂ ಒಂದೇ ಅಳತೆ ಸರಿಯಬೇಕಿತ್ತು. ನಿಮ್ಮಲ್ಲಿ 0.08, 0.07, 0.06 ಅಂತ ಇಳಿಯುತ್ತಿದೆ. ಇದು ಕೊಸೈನ್ ಥೀಟಾ ಲೆಕ್ಕ (ಥೀಟಾ ಅಂದರೆ ಪೀಕ್ ಇರುವ ಡಿಗ್ರಿಯ ಅರ್ಧ): ಮಾದರಿಯ ಮೇಲ್ಮೈ ಎಷ್ಟು ಕೆಳಗಿದೆಯೋ ಅದನ್ನು 2ರಿಂದಲೂ ಕೊಸೈನ್ ಥೀಟಾದಿಂದಲೂ ಗುಣಿಸಿ, 150ರಿಂದ ಭಾಗಿಸಿ. ಉತ್ತರ ರೇಡಿಯನ್‌ನಲ್ಲಿ ಬರುತ್ತೆ, ಡಿಗ್ರಿಗೆ ಬದಲಿಸಿಕೊಳ್ಳಿ. 0.1 ಮಿ.ಮೀ. ಹಾಕಿ ನೋಡಿ, 28 ಡಿಗ್ರಿಯಲ್ಲಿ 0.074, 88ರಲ್ಲಿ 0.055. ಅಂದರೆ ನಿಮ್ಮ ಪುಡಿ ಹೋಲ್ಡರ್ ಅಂಚಿಗಿಂತ ಒಂದು ಕಾಗದದ ದಪ್ಪದಷ್ಟು ಕೆಳಗಿದೆ. ಟ್ಯೂಬಿಗೂ ಇದಕ್ಕೂ ಸಂಬಂಧ ಇಲ್ಲ.

ಬಾಲದ ಕಥೆ ಬೇರೆ. ಪುಡಿಯಿಂದ ಹೊರಡುವ ಕಿರಣ ಕೋನ್ ಆಕಾರದಲ್ಲಿ ಹರಡುತ್ತೆ. ಕಡಿಮೆ ಡಿಗ್ರಿಯಲ್ಲಿ ಅದರ ಉಂಗುರ ಮಗುವಿನ ಬಳೆಯಷ್ಟು ಚಿಕ್ಕದು, ಜಾಸ್ತಿ ಬಾಗಿರುತ್ತೆ. ನಿಮ್ಮ ಸ್ಲಿಟ್ ನೇರ ಗೆರೆ. ಹಾಗಾಗಿ ಬಳೆಯ ಬಾಗಿದ ತುದಿಗಳು ಸ್ಲಿಟ್‌ಗೆ ಮೊದಲು ಸಿಗುತ್ತವೆ, ಮಧ್ಯಭಾಗ ಆಮೇಲೆ. ಆ ಮೊದಲು ಸಿಕ್ಕಿದ್ದೇ ಎಡಗಡೆಯ ಬಾಲ. 90 ಡಿಗ್ರಿಯ ಹತ್ತಿರ ಉಂಗುರ ನೇರವಾಗುತ್ತೆ, ಬಾಲ ಮಾಯ. ಸೋಲರ್ ಇದ್ದರೆ ಆ ತುದಿಗಳನ್ನು ತಡೆಯುತ್ತೆ.

ಟ್ಯೂಬ್ ಆಫ್ ಮಾಡಿ, ಬಾಗಿಲು ತೆಗೆದು, ಎರಡೂ ಕಡೆಯ ಸೋಲರ್ ಜಾಗಕ್ಕೆ ಟಾರ್ಚ್ ಬಿಟ್ಟು ನೋಡಿ. ಇಂಟರ್‌ಲಾಕ್‌ಗೆ (ಬಾಗಿಲು ತೆರೆದಾಗ ಕಿರಣ ಬರದಂತೆ ತಡೆಯುವ ಸುರಕ್ಷತಾ ಸ್ವಿಚ್) ಮಾತ್ರ ಕೈ ಹಾಕಬೇಡಿ.

ನ್ಯೂಟ್ರಾನ್‌ನಂಟ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನ್ಯೂಟ್ರಾನ್ ಯಂತ್ರಗಳಲ್ಲೂ ಇದೇ ಸೋಲರ್. ತಗಡಿನ ಬದಲು ಮೈಲಾರ್ ಪ್ಲಾಸ್ಟಿಕ್ ಹಾಳೆಗೆ ಗ್ಯಾಡೋಲಿನಿಯಂ ಆಕ್ಸೈಡ್ ಬಳಿದಿರುತ್ತಾರೆ, ಯಾಕಂದರೆ ನ್ಯೂಟ್ರಾನ್ ಅನ್ನು ಗ್ಯಾಡೋಲಿನಿಯಂನಷ್ಟು ಚೆನ್ನಾಗಿ ನುಂಗುವ ಧಾತು ಕಡಿಮೆ. ಮತ್ತೆ ಮಾದರಿಯ ಎತ್ತರದ ತಲೆನೋವೇ ಬೇಡ ಅಂದರೆ ಗೋಬೆಲ್ ಕನ್ನಡಿ ಹಾಕಿಸಿಕೊಳ್ಳಬಹುದು. ಕಿರಣ ಸಮಾನಾಂತರ ಆಗಿಬಿಡುತ್ತೆ, ಪುಡಿ ಸ್ವಲ್ಪ ಮೇಲೆ ಕೆಳಗೆ ಇದ್ದರೂ ಪೀಕ್ ಸರಿಯಲ್ಲ.

ಹಳೇಗೋನಿಯೋ:
ಹೌದು, ಆದರೆ ಪುಡಿಯನ್ನು ಗಾಜಿನಿಂದ ಸಮ ಮಾಡುವುದಕ್ಕೆ ಖರ್ಚಿಲ್ಲ ನೋಡಿ. :)

ಪುಡಿಪರೀಕ್ಷೆ:
ಸಿಕ್ಕಿತು! ಟ್ಯೂಬ್ ಕಡೆಯದ್ದು ಸರಿಯಾಗಿದೆ. ಡಿಟೆಕ್ಟರ್ ಕಡೆ ಖಾಲಿ ಚೌಕಟ್ಟು, ಟಾರ್ಚ್ ಬೆಳಕು ಆಚೆ ಹಾದುಹೋಯಿತು. ಯಂತ್ರದ ಕೆಳಗಿನ ಡ್ರಾಯರ್ ಎಳೆದರೆ, ಅಲೆನ್ ಕೀ ಕಟ್ಟಿನ ಪಕ್ಕದಲ್ಲಿ ಟಿಶ್ಯೂ ಸುತ್ತಿ ಇಟ್ಟಿದ್ದ ಬೆಂಕಿಪೊಟ್ಟಣದಷ್ಟು ತುಂಡು. ಬಿಚ್ಚಿ ನೋಡಿದರೆ ಹಾಳೆ ಹಾಳೆ ತಗಡು. ಅಲೈನ್‌ಮೆಂಟ್‌ಗೆ ಅಂತ ತೆಗೆದವರು ವಾಪಸ್ ಹಾಕುವುದನ್ನು ಮರೆತಿದ್ದಾರೆ. ಎರಡು ತಿಂಗಳಿಂದ ನಾವೂ ಆ ಡ್ರಾಯರ್ ತೆಗೆದು ಮುಚ್ಚುತ್ತಲೇ ಇದ್ದೇವೆ.

ಹಾಕಿದೆ. ಸಿಲಿಕಾನ್ ಪುಡಿಯನ್ನು ಈ ಸಲ ಗಾಜಿನ ಸ್ಲೈಡ್‌ನಿಂದ ಅಂಚಿಗೆ ಸರಿಯಾಗಿ ಸಮ ಮಾಡಿದೆ. 111 ಈಗ 28.44ಕ್ಕೇ ಇದೆ, ಕೌಂಟ್ಸ್ 20,500. ಜಿಯೋಲೈಟಿನ 6 ಡಿಗ್ರಿ ಪೀಕ್‌ನಲ್ಲಿ ಮಾತ್ರ ಸಣ್ಣ ಬಾಲ ಇನ್ನೂ ಇದೆ. ಅದೂ ಹೋಗಬೇಕಾ? ಎರಡು ತಿಂಗಳ ಡೇಟಾ ಏನು ಮಾಡಲಿ?

ಹಳೇಗೋನಿಯೋ:
ಆ ಸಣ್ಣ ಬಾಲ ಇರುವುದೇ. ಸೋಲರ್ ಕೂಡ ಎರಡೂವರೆ ಡಿಗ್ರಿಯಷ್ಟು ಹರಡುವಿಕೆಯನ್ನು ಬಿಡುತ್ತೆ. ಇನ್ನೂ ಸಂದಿ ಕಿರಿದಾದದ್ದು ಹಾಕಿದರೆ ಬಾಲ ಕಡಿಮೆಯಾಗುತ್ತೆ, ಕೌಂಟ್ಸೂ ಬೀಳುತ್ತೆ. ರೀಟ್‌ವೆಲ್ಡ್ (ಇಡೀ ಗ್ರಾಫಿಗೆ ಲೆಕ್ಕದ ಗ್ರಾಫನ್ನು ಹೊಂದಿಸುವ ವಿಧಾನ) ಮಾಡುವಾಗ ಅಸಿಮೆಟ್ರಿ, ಅಂದರೆ ಪೀಕ್ ಒಂದು ಕಡೆಗೆ ವಾಲಿರುವುದನ್ನು, ಸೇರಿಸಿದರೆ ಸಾಕು.

ಹಳೇ ಡೇಟಾ: ಯಾವ ಫೇಸ್ (ಹರಳಿನ ವಸ್ತು) ಇದೆ ಅಂತ ಗುರುತಿಸಲು ಮಾತ್ರ ಬಳಸಿದ್ದರೆ ಇಟ್ಟುಕೊಳ್ಳಿ. ಲ್ಯಾಟಿಸ್ ಪ್ಯಾರಾಮೀಟರ್ (ಹರಳಿನ ಮೂಲ ಘಟಕದ ಅಳತೆ) ಅಥವಾ ಪೀಕ್ ಅಗಲದಿಂದ ಕಣದ ಗಾತ್ರ ತೆಗೆದಿದ್ದರೆ ಮತ್ತೆ ಸ್ಕ್ಯಾನ್ ಮಾಡಿ. ಮಾದರಿ ಖಾಲಿಯಾಗಿದ್ದರೆ ಮೊದಲ ಸಲ ತೆಗೆದ ಆ ಬಾಲದ ಸಿಲಿಕಾನ್ ಫೈಲ್ ಅಳಿಸಬೇಡಿ. ಆ ಎರಡು ತಿಂಗಳ ಯಂತ್ರ ಹೇಗಿತ್ತು ಅನ್ನುವುದಕ್ಕೆ ಅದೊಂದೇ ಆಧಾರ, ಫಿಟ್ ಮಾಡುವಾಗ ಅದನ್ನೇ ಸ್ಟ್ಯಾಂಡರ್ಡ್ ಆಗಿ ಕೊಡಿ.

ಪುಡಿಪರೀಕ್ಷೆ:
ಒಟ್ಟು 14 ಮಾದರಿ, ಎಲ್ಲದರ ಪುಡಿಯೂ ಉಳಿದಿದೆ. ಮೊದಲನೆಯದು ಈಗಷ್ಟೇ ಹಾಕಿದೆ. ತುಂಬಾ ಥ್ಯಾಂಕ್ಸ್ ಸರ್.