ಬಿಸಿ ನೀರಿಗೇ ಜಾರಿ ಬಂದ ಸ್ಲೀವ್: ಹಾಗೇ ಹಾಕಬಹುದಾ?

ಪ್ರಶ್ನೆ
ಹಳೇ ಫೋರ್ ಸ್ಟ್ರೋಕ್ ಬೈಕಿನ ಇಂಜಿನ್ ಬಿಚ್ಚಿದ್ದೇನೆ. ಅಲ್ಯೂಮಿನಿಯಂ ಬ್ಲಾಕ್, ಒಳಗೆ ಬೀಡು ಕಬ್ಬಿಣದ ಸ್ಲೀವ್ (ಪಿಸ್ಟನ್ ಓಡಾಡೋ ಕೊಳವೆ). ನಿನ್ನೆ ಕುದಿಯೋ ನೀರು ಸುರಿದು ತೊಳೆದು, ನೀರು ಬಸಿಯಲಿ ಅಂತ ಬ್ಲಾಕ್ ಬೋರಲು ಹಾಕಿದೆ. ಎತ್ತಿದರೆ ಸ್ಲೀವ್ ಅಲ್ಲೇ ಬೆಂಚ್ ಮೇಲೆ ಉಳಿಯಿತು! ತಣ್ಣಗಾದ ಮೇಲೆ ವಾಪಸ್ ಹಾಕಿದರೂ ಕೈಯಲ್ಲೇ ತಿರುಗುತ್ತದೆ. ಬೋರ್‌ನಲ್ಲಿ ಗೀರಿಲ್ಲ, ಹೊಸ ರಿಂಗ್ ತಂದಾಗಿದೆ. ಮೇಲೆ ಹೆಡ್ ಬಿಗಿದರೆ ಹೇಗೂ ಅಲ್ಲಾಡಲ್ಲ ಅಲ್ವಾ? ಇಲ್ಲಾಂದ್ರೆ ಅಂಟು ಹಾಕಿ ಕೂರಿಸಲಾ?

ಉತ್ತರ 1
ಅಂಟು ಬೇಡ ಗುರು. ಸ್ಲೀವ್‌ನ ಬಿಸಿ ಅಲ್ಯೂಮಿನಿಯಂಗೆ ದಾಟಿ ಫಿನ್‌ಗಳಿಂದ ಗಾಳಿಗೆ ಹೋಗಬೇಕು, ಅದಕ್ಕೆ ಲೋಹಕ್ಕೆ ಲೋಹ ಒತ್ತಿಕೊಂಡೇ ಇರಬೇಕು. ನಡುವೆ ಸಂದು ಬಿದ್ದರೆ ಸ್ಲೀವ್ ಕಾಯುತ್ತದೆ, ಬೋರ್ ದುಂಡಗೆ ಉಳಿಯಲ್ಲ, ಕೊನೆಗೆ ಪಿಸ್ಟನ್ ಸೀಜ್. ಹೆಡ್ ಬಿಗಿದರೆ ಸ್ಲೀವ್ ಮೇಲೆ ಕೆಳಗೆ ಹೋಗಲ್ಲ ಅನ್ನೋದು ನಿಜ, ಆದ್ರೆ ಬಿಸಿ ದಾಟೋಕೆ ಅದು ಸಾಲದು. ಸ್ಲೀವ್‌ನ ಹೊರಮೈ ನೋಡಿ, ಸುಟ್ಟ ಎಣ್ಣೆಯ ಕಂದು ಕಲೆ ಇದೆಯಾ?

ಪ್ರಶ್ನೆ ಕೇಳಿದವರು
ಇದೆ, ಅರ್ಧಕ್ಕಿಂತ ಜಾಸ್ತಿ. ಬ್ಲಾಕ್ ಒಳಗೆ ಒಂದು ಕಡೆ ಕನ್ನಡಿ ಥರ ಹೊಳೆಯುತ್ತಿದೆ. ಅಳತೆ ತೆಗೆದೆ: ಬ್ಲಾಕ್ ತೂತು 76.02 ಮಿ.ಮೀ., ಸ್ಲೀವ್ ಹೊರಗಿಂದ 76.00.

ಉತ್ತರ 2
ಹಾಗಾದ್ರೆ ಅದು ಓಡುವಾಗಲೂ ಅಲ್ಲಾಡಿದೆ, ಆ ಹೊಳಪು ಉಜ್ಜಿ ಉಜ್ಜಿ ಬಂದದ್ದು. ಸ್ಲೀವ್ ತೂತಿಗಿಂತ ದಪ್ಪ ಇರಬೇಕು, ಈ ಸೈಜಿಗೆ ಸುಮಾರು 0.05ರಿಂದ 0.08. ನಿಮ್ಮದರಲ್ಲಿ ಉಲ್ಟಾ 0.02 ಸಂದು. ಅಲ್ಯೂಮಿನಿಯಂ ಬೀಡಿಗಿಂತ ಹತ್ತಿರ ಹತ್ತಿರ ಎರಡರಷ್ಟು ಹಿಗ್ಗುತ್ತದೆ. ಎರಡೂ 100 ಡಿಗ್ರಿ ಜಾಸ್ತಿ ಬಿಸಿಯಾದರೆ 76 ಮಿ.ಮೀ.ಗೆ 0.09 ಸಡಿಲ. ಓಡುವಾಗ ಸ್ಲೀವ್ ಬ್ಲಾಕ್‌ಗಿಂತ ಬಿಸಿ ಇರುತ್ತದೆ, ಹಾಗಾಗಿ ಪೂರ್ತಿ ಅಷ್ಟು ಬಿಡಲ್ಲ, ಆದ್ರೆ ತಣ್ಣಗಿರುವಾಗಲೇ ಹಿಡಿತ ಇಲ್ಲದಿದ್ದರೆ ಬಿಸಿಯಲ್ಲಿ ಎಲ್ಲಿಂದ ಬರಬೇಕು?

ಹೊರ ವ್ಯಾಸ ಜಾಸ್ತಿ ಇರೋ ಹೊಸ ಸ್ಲೀವ್ ತನ್ನಿ. ಸ್ಲೀವ್ ಮೊದಲು ಕೈಗೆ ಬರಲಿ, ಅದನ್ನು ಅಳೆದು ಅದಕ್ಕೆ ತಕ್ಕ ಹಾಗೆ ಬ್ಲಾಕ್ ಬೋರ್ ಮಾಡಿಸಿ. ಪ್ಯಾಕೆಟ್ ಮೇಲಿನ ಅಳತೆ ನಂಬಿ ಲೇತ್‌ಗೆ ಕೊಡಬೇಡಿ, ನಾನು ಕೊಟ್ಟು ಕೆಟ್ಟಿದ್ದೇನೆ.

ಉತ್ತರ 3
ಕೂರಿಸುವಾಗಲೇ ಜನ ಎಡವೋದು. ಬ್ಲಾಕ್ ಓವನ್‌ನಲ್ಲಿ 200 ಡಿಗ್ರಿ ಆಸುಪಾಸು ಕಾಯಿಸಿ, ಸ್ಲೀವ್ ಫ್ರೀಜರ್‌ನಲ್ಲಿ ಇಡಿ. ಒಂದೇ ಏಟಿಗೆ ನೇರ ಇಳಿಸಬೇಕು, ಅರ್ಧದಲ್ಲಿ ತಡೆದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಇಳಿದ ಮೇಲೆ ಕೈ ಬಿಡಬೇಡಿ! ತಣ್ಣಗಾಗುವಾಗ ಸ್ಲೀವ್ ಕೂದಲೆಳೆಯಷ್ಟು ಮೇಲೆದ್ದರೂ ಕಾಲರ್ (ಸ್ಲೀವ್‌ನ ಮೇಲ್ತುದಿಯ ಅಗಲ ಅಂಚು) ಕೆಳಗೆ ಸಂದು ಉಳಿಯುತ್ತದೆ, ಆಮೇಲೆ ಹೆಡ್ ಬಿಗಿದಾಗ ಆ ಕಾಲರ್ ಮುರಿಯಬಹುದು. ದಪ್ಪ ಪ್ಲೇಟ್ ಇಟ್ಟು ಬೋಲ್ಟ್ ಹಾಕಿ, ಪೂರ್ತಿ ತಣ್ಣಗಾಗೋವರೆಗೆ ಒತ್ತಿ ಹಿಡಿದಿರಿ.

ಫೈನಲ್ ಬೋರ್, ಹೋನಿಂಗ್ (ಒಳಮೈಯನ್ನು ಕಲ್ಲಿನಿಂದ ಉಜ್ಜಿ ಸರಿ ಮಾಡೋದು) ಎರಡೂ ಆಮೇಲೆ. ತಣ್ಣಗಾದ ಬ್ಲಾಕ್ ಸ್ಲೀವನ್ನು ಅಮುಕಿ ಹಿಡಿದಾಗ ಸ್ಲೀವ್‌ನ ಒಳ ಅಳತೆ ಕಿರಿದಾಗುತ್ತದೆ. ಟೂ ಸ್ಟ್ರೋಕ್ ಆಗಿದ್ದರೆ ಪೋರ್ಟ್‌ಗಳನ್ನೂ ಸರಿಯಾಗಿ ಕೂಡಿಸಬೇಕಿತ್ತು, ಆ ತಲೆನೋವು ನಿಮಗಿಲ್ಲ.

ಪ್ರಶ್ನೆ ಕೇಳಿದವರು
ಸರಿ, ಅಂಟಿನ ಟ್ಯೂಬ್ ಒಳಗಿಟ್ಟೆ. ತಂದ ರಿಂಗ್ ಹೊಸ ಬೋರ್‌ಗೆ ಆಗುತ್ತಾ?

ಉತ್ತರ 2
ಈಗಿರೋ ಪಿಸ್ಟನ್ ಸವೆದಿಲ್ಲದಿದ್ದರೆ ಅದರ ಅಳತೆಗೆ ಬೇಕಾದಷ್ಟು ಸಂದು ಬಿಟ್ಟು ಬೋರ್ ಮಾಡಿಸಿ, ಆಗುತ್ತದೆ. ಲೇತ್‌ಗೆ ಹೋಗುವಾಗ ಪಿಸ್ಟನ್ ಜೊತೆಗೇ ಕೊಡಿ.