ಚಿಲ್ಲಿ ಚಿಲಿ ದೇಶದ್ದಲ್ಲ ತಮ್ಮಾ

ತಮ್ಮಾ, ಬೆಳಿಗ್ಗೆ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕಿದ್ದೆಯಲ್ಲ, ಚಿಲಿ ದೇಶದಿಂದ ಬಂದದ್ದಕ್ಕೆ ಮೆಣಸಿನಕಾಯಿಗೆ ಇಂಗ್ಲಿಷಿನಲ್ಲಿ ಚಿಲ್ಲಿ ಅಂತಾರೆ ಅಂತ. ಸುಮ್ನೆ ಯಾರೋ ಹೊಸೆದದ್ದು ಅದು. ಕೈಯೆಲ್ಲ ಕಡಲೆ ಹಿಟ್ಟು, ಮಿರ್ಚಿ ಕರಿಯುತ್ತಿದ್ದೇನೆ, ಅದಕ್ಕೇ ಬಾಯಲ್ಲೇ ಹೇಳಿ ಕಳಿಸುತ್ತಿದ್ದೇನೆ.

ಚಿಲ್ಲಿ ಅನ್ನುವುದು ಮೆಕ್ಸಿಕೋದ ಹಳೆ ಜನರ ನಹುವಾಟ್ಲ್ ಮಾತು. ಅದನ್ನು ಸ್ಪೇನಿನವರು ಎತ್ತಿಕೊಂಡರು, ಆಮೇಲೆ ಇಂಗ್ಲಿಷಿಗೆ ಬಂತು. ಚಿಲಿ ದೇಶದ ಹೆಸರೇ ಬೇರೆ.

ನಮ್ಮ ಮಾತು ಇನ್ನೂ ಮಜಾ ಇದೆ. ಮೆಣಸಿನಕಾಯಿ ಅಂದರೆ ಮೆಣಸಿನ ಕಾಯಿ, ಅಲ್ವಾ? ಮೆಣಸು ಅಂದರೆ ಮಲೆನಾಡಿನ ಬಳ್ಳಿಯ ಕರಿ ಕಾಳು. ಈ ಕಾಯಿಗೂ ಆ ಬಳ್ಳಿಗೂ ನೆಂಟಸ್ತಿಕೆಯೇ ಇಲ್ಲ! ಇದರ ದಾಯಾದಿಗಳು ಬದನೆ, ಟೊಮೆಟೊ. ಪೋರ್ಚುಗೀಸರು ಗೋವೆ ಹಿಡಿದದ್ದು 1510ರಲ್ಲಿ. ಅವರ ಹಡಗುಗಳ ಕಾಲದಲ್ಲಿ ಈ ಕಾಯಿ ನಮ್ಮ ಕಡೆ ಬಂತು. ಹಂಪಿ ಕಟ್ಟಿದ ಹಕ್ಕ ಬುಕ್ಕರು ಮೆಣಸಿನಕಾಯಿಯ ಮುಖವನ್ನೇ ನೋಡಿರಲಿಲ್ಲ. ಈಗ ನಮ್ಮ ಸಿರುಗುಪ್ಪದ ಹೊಲದಲ್ಲಿ ನಿಂತು ಈ ಮಾತು ಹೇಳಿದರೆ ಯಾರು ನಂಬುತ್ತಾರೆ!

ಹೊಸ ಕಾಯಿ ನಾಲಿಗೆ ಸುಟ್ಟಿತು. ಖಾರ ಅಂದರೆ ಮೆಣಸು ಅಂತಿದ್ದ ಜನ ಅದೇ ಹೆಸರು ಅಂಟಿಸಿದರು. ನಾವಷ್ಟೇ ಅಲ್ಲ. ತೆಲುಗಿನಲ್ಲಿ ಕಾಳು ಮಿರಿಯಾಲು, ಕಾಯಿ ಮಿರಪಕಾಯ. ತಮಿಳಿನಲ್ಲಿ ಮಿಳಗು, ಮಿಳಗಾಯ್. ಮರಾಠಿಯಲ್ಲಿ ಮಿರಿ, ಮಿರ್ಚಿ. ಸ್ಪೇನಿನವರೂ ಕಾಳಿಗೆ ಪಿಮಿಯೆಂತಾ, ಕಾಯಿಗೆ ಪಿಮಿಯೆಂತೊ ಅಂದರು. ಪಾಪ, ಕಾಳು ಈಗ ತನ್ನ ಹೆಸರಿನ ಮುಂದೆ 'ಕರಿ' ಸೇರಿಸಿಕೊಂಡು ಓಡಾಡಬೇಕು.

ಆದರೆ ಕಾಳೂ ಸಾಚಾ ಅಲ್ಲ ಕಣೋ, ಕನ್ನಡದಲ್ಲಲ್ಲ, ಇಂಗ್ಲಿಷಿನಲ್ಲಿ. ಪೆಪ್ಪರ್ ಅನ್ನುವ ಹೆಸರು ನಮ್ಮ ಹಿಪ್ಪಲಿಯದು! ಸಂಸ್ಕೃತದ ಪಿಪ್ಪಲಿ ಗ್ರೀಕರ ಬಾಯಲ್ಲಿ ಪೆಪೆರಿ ಆಯಿತು, ರೋಮಿನವರ ಬಾಯಲ್ಲಿ ಪಿಪೆರ್. ಹೋಗ್ತಾ ಹೋಗ್ತಾ ಆ ಹೆಸರು ಹಿಪ್ಪಲಿ ಬಿಟ್ಟು ಕರಿ ಕಾಳಿಗೆ ಅಂಟಿತು. ಕೊನೆಗೆ ಮೆಣಸಿನಕಾಯಿಗೂ ಪೆಪ್ಪರ್ ಅಂದರು. ನಮ್ಮಲ್ಲಿ ಪಿಪ್ಪಲಿ ಹಿಪ್ಪಲಿ ಆಗಿದ್ದು ಹೇಗೆ ಅಂದರೆ, ಹಳೆಗನ್ನಡದ ಪಾಲು ಹಾಲಾಯಿತಲ್ಲ, ಹಾಗೆ. ಗಡಿ ದಾಟಿ ಆದೋನಿಗೆ ಹೋದರೆ ತೆಲುಗಿನವರು ಇವತ್ತಿಗೂ ಪಾಲು ಅಂತಲೇ ಅನ್ನುತ್ತಾರೆ.

ಹೆಸರು ಊರೂರು ಸುತ್ತಿತು, ಹಿಪ್ಪಲಿ ಮಾತ್ರ ನಮ್ಮ ಮನೆಯಲ್ಲಿ ಕೆಮ್ಮಿನ ಕಷಾಯಕ್ಕೆ ಬಿಟ್ಟರೆ ಡಬ್ಬಿಯಿಂದ ಹೊರಗೆ ಬರುವುದಿಲ್ಲ.

ಎಣ್ಣೆ ಕಾದಿದೆ, ಫೋನ್ ಇಡುತ್ತೇನೆ. ಅಕ್ಕಾ, ನೀನೂ ಗ್ರೂಪಿನಲ್ಲಿ ಇದನ್ನು ಕೇಳುತ್ತಿದ್ದರೆ, ಸಂಜೆ ಬರುವಾಗ ಮಂಡಾಳು ತಗೊಂಡು ಬಾ, ಒಗ್ಗರಣೆ ಹಾಕೋಣ.